ಮಕ್ಕಳ ಫ್ಲೂ ಲಸಿಕೆ: ಡಾಕ್ಟರ್ ಹೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ

ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಒಮ್ಮೆ ತೆಗೆದು ನೋಡಿ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಪೆಂಟಾವೇಲೆಂಟ್ ಸೂಜಿ, ರೋಟಾ ಹನಿ, ಜೊತೆಗೆ ಇನ್ನೂ ಒಂದೆರಡು. ಅಲ್ಲಿಂದ ಸೀದಾ ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ. ಇಡೀ ಕಾರ್ಡ್ ಹುಡುಕಿದರೂ ಫ್ಲೂ ಲಸಿಕೆಯ ಹೆಸರು ಸಿಗುವುದಿಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿಲ್ಲ.

ಅದೇ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಕೇಶ್ವಾಪುರದಲ್ಲೋ ಖಾಸಗಿ ಮಕ್ಕಳ ಡಾಕ್ಟರ್ ಹತ್ತಿರ ಹೋದರೆ, ಅವರು ಕೊಡುವ ಲಸಿಕೆ ಪುಸ್ತಕದಲ್ಲಿ ಸಾಮಾನ್ಯವಾಗಿ ಆರು ತಿಂಗಳ ಸಾಲಿನಲ್ಲಿ ಫ್ಲೂ ಇರುತ್ತದೆ. ಏಕೆಂದರೆ ದೇಶದ ಮಕ್ಕಳ ಡಾಕ್ಟರುಗಳ ಸಂಘಟನೆಯಾದ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಈ ಲಸಿಕೆಯನ್ನು ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಪ್ರತಿ ವರ್ಷ ಹಾಕಿಸಿ ಅನ್ನುತ್ತದೆ. ದಮ್ಮು, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ ಇರುವ ಮಕ್ಕಳಿಗೆ ಐದು ವರ್ಷದ ನಂತರವೂ ಬೇಕು ಅನ್ನುತ್ತದೆ.

ಒಂದು ಕಾರ್ಡಿನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಅಪ್ಪ-ಅಮ್ಮನಿಗೆ ಗೊಂದಲ ಆಗದೆ ಇರುತ್ತದಾ?

ಪೋಲಿಯೋ ಹನಿ ಇದೆ ಅಂದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಹೇಳುತ್ತಾರೆ. ಅಂಗನವಾಡಿ ಟೀಚರ್ ಹೇಳುತ್ತಾರೆ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗಿಸುತ್ತಾರೆ. ಡಿಸೆಂಬರ್ 2014ರಲ್ಲಿ ಶುರುವಾದ ಮಿಷನ್ ಇಂದ್ರಧನುಷ್‌ನಲ್ಲಂತೂ ಲಸಿಕೆ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿಕೊಂಡೇ ಹೋಗುತ್ತಾರೆ. ಫ್ಲೂ ಲಸಿಕೆಗೆ ಇದ್ಯಾವುದೂ ಇಲ್ಲ. ಯಾರೂ ಕರೆಯುವುದಿಲ್ಲ, ಯಾರೂ ನೆನಪು ಮಾಡುವುದಿಲ್ಲ, ಹಾಕಿಸದಿದ್ದರೆ ಶಾಲೆಯಲ್ಲಿ ಯಾರೂ ಕೇಳುವುದೂ ಇಲ್ಲ. ಅದರ ಬಗ್ಗೆ ಮಾತಾಡುವವರು ಒಬ್ಬರೇ. ಮಗು ಎದುರಿಗಿದ್ದಾಗ ಕುರ್ಚಿಯಲ್ಲಿ ಕೂತಿರುವ ಡಾಕ್ಟರ್. ಆ ಒಂದೆರಡು ನಿಮಿಷದಲ್ಲಿ ಅವರು ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ, ಅಥವಾ ಹೇಳದೇ ಬಿಡುತ್ತಾರಾ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಅದು ಹೇಗೆ ಅಂತ ನೋಡೋಣ.

ನೆಗಡಿ ಬೇರೆ, ಫ್ಲೂ ಬೇರೆ

ಮೊದಲು ಕಾಯಿಲೆಯ ವಿಷಯ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಯಾವ ಮಗುವಿಗೆ ನೆಗಡಿ ಬಂದಿಲ್ಲ ಹೇಳಿ. ಮೂಗು ಸೋರುತ್ತದೆ, ಎರಡು ದಿನ ರಂಪ ಮಾಡುತ್ತದೆ, ಅಜ್ಜಿ ಓಂಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಡುತ್ತಾಳೆ, ವಾರದಲ್ಲಿ ಆಟಕ್ಕೆ ಓಡುತ್ತದೆ. ಈ ನೆಗಡಿ ತರುವ ವೈರಸ್‌ಗಳು ನೂರಾರು. ಫ್ಲೂ ತರುವುದು ಇನ್‌ಫ್ಲುಯೆಂಜಾ ಅನ್ನುವ ಬೇರೆಯೇ ವೈರಸ್. ಅದು ಬಂದಾಗ ಜ್ವರ ಒಮ್ಮೆಲೇ ಏರುತ್ತದೆ. ಮೈಕೈ ನೋವು, ಒಣ ಕೆಮ್ಮು, ಸುಸ್ತು. ದೊಡ್ಡ ಮಗು ಮಂಚ ಹಿಡಿದುಬಿಡುತ್ತದೆ. ಸಣ್ಣ ಕೂಸು ಹಾಲು ಕುಡಿಯುವುದನ್ನೇ ಬಿಡುತ್ತದೆ.

ಹೆಚ್ಚಿನ ಮಕ್ಕಳು ಇದರಿಂದಲೂ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಇದನ್ನು ಮುಚ್ಚಿಟ್ಟು ಹೆದರಿಸುವುದು ಸರಿ ಅಲ್ಲ. ಆದರೆ ಕೆಲವರಿಗೆ ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ, ಕೆಲವರಿಗೆ ಕಿವಿ ಸೋರುತ್ತದೆ, ಕೆಲವರಿಗೆ ಜ್ವರ ತಲೆಗೇರಿ ಫಿಟ್ಸ್ ಬರುತ್ತದೆ. ಐದು ವರ್ಷದೊಳಗಿನವರಿಗೆ, ಅದರಲ್ಲೂ ಎರಡು ವರ್ಷದೊಳಗಿನವರಿಗೆ ಈ ಅಪಾಯ ಜಾಸ್ತಿ. ಅವರ ಉಸಿರಿನ ನಾಳಗಳೇ ಸಣ್ಣ, ಸ್ವಲ್ಪ ಊದಿಕೊಂಡರೂ ಉಸಿರು ಕಟ್ಟುತ್ತದೆ. ಈ ವೈರಸ್ಸನ್ನು ಅವರ ದೇಹ ಮೊದಲು ಕಂಡಿರುವುದೂ ಇಲ್ಲ. 2018ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 11 ಕೋಟಿ ಮಕ್ಕಳಿಗೆ ಫ್ಲೂ ಬಂದಿತ್ತು, ಸುಮಾರು 8.7 ಲಕ್ಷ ಮಕ್ಕಳು ಅದರಿಂದ ಆಸ್ಪತ್ರೆ ಸೇರಿದ್ದರು, ಸತ್ತವರು 34,800ರ ತನಕ ಇರಬಹುದು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ನಮ್ಮ ಜನರಿಗೆ ಇದರ ಪರಿಚಯ 'ಹಂದಿಜ್ವರ' ಅನ್ನುವ ಹೆಸರಿನಿಂದ. 2009ರಲ್ಲಿ ಬಂದ ಎಚ್‌1ಎನ್‌1 ಆಮೇಲೆ ಎಲ್ಲಿಗೂ ಹೋಗಲಿಲ್ಲ. ಪ್ರತಿ ವರ್ಷ ಬಂದು ಹೋಗುವ ಫ್ಲೂಗಳಲ್ಲಿ ಒಂದಾಗಿ ಇಲ್ಲೇ ಉಳಿಯಿತು. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು, ಮಕ್ಕಳು ದೊಡ್ಡವರು ಸೇರಿ ಮೂರು ಸಾವಿರದ ಹತ್ತಿರ ಜನ ಸತ್ತರು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್‌3ಎನ್‌2 ಅನ್ನುವ ಇನ್ನೊಂದು ಫ್ಲೂ ತಳಿಯಿಂದ ಹಿರಿಯರೊಬ್ಬರು ತೀರಿಕೊಂಡಾಗ ಒಂದು ವಾರ ಟಿವಿಯಲ್ಲಿ ಅದೇ ಸುದ್ದಿ. ಆಮೇಲೆ ಮರೆತೇ ಹೋಯಿತು. ಟಿವಿ ಮರೆಯಬಹುದು, ವೈರಸ್ ಮರೆಯುವುದಿಲ್ಲ. ನಮ್ಮ ದೇಶದಲ್ಲಿ ಅದು ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್ ಒಳಗೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ.

ಪ್ರತಿ ವರ್ಷ ಯಾಕೆ?

ತಾಯಂದಿರು ಮೊದಲು ಕೇಳುವ ಪ್ರಶ್ನೆ ಇದೇ. ದಡಾರದ ಸೂಜಿ ಎರಡು ಸಲ ಹಾಕಿಸಿದರೆ ಮುಗಿಯಿತು. ಇದೇನು ವರ್ಷಾ ವರ್ಷಾ?

ಫ್ಲೂ ವೈರಸ್ ಸುಮ್ನೆ ಇರುವುದಿಲ್ಲ. ಅದರ ಮೇಲ್ಮೈ ನಿಧಾನಕ್ಕೆ ಬದಲಾಗುತ್ತಲೇ ಇರುತ್ತದೆ. ಹೋದ ವರ್ಷದ ಲಸಿಕೆಯಿಂದ ಬಂದ ರಕ್ಷಣೆಯೂ ತಿಂಗಳು ಕಳೆದಂತೆ ಇಳಿಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಮಾದರಿಗಳನ್ನು ನೋಡಿ ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಹಾವೇರಿ ಕಡೆಯ ರೈತ ಮುಂಗಾರಿನ ಅಂದಾಜು ನೋಡಿ ಗೋವಿನಜೋಳ ಬಿತ್ತಿದ ಹಾಗೆ ಇದು. ಅಂದಾಜು ಕೂಡಿಬಂದ ವರ್ಷ ಬೆಳೆ ಚೆನ್ನಾಗಿ ಬರುತ್ತದೆ, ಕೂಡಿಬರದ ವರ್ಷ ಕಮ್ಮಿ. ಹಾಗಂತ ಬಿತ್ತದೇ ಯಾರೂ ಕೂಡುವುದಿಲ್ಲ.

ಮೊದಲ ಸಲ ಹಾಕಿಸುವ ಸಣ್ಣ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ದೇಹಕ್ಕೆ ಒಂದೇ ಸಲಕ್ಕೆ ಪಾಠ ಆಗುವುದಿಲ್ಲ. ಮರುವರ್ಷದಿಂದ ವರ್ಷಕ್ಕೊಂದು ಸಾಕು. ಹಾಕಿದ ಮೇಲೆ ರಕ್ಷಣೆ ಬರಲು ಎರಡು ವಾರ ಹಿಡಿಯುತ್ತದೆ. ನಮ್ಮ ಭಾಗದಲ್ಲಿ ಮಳೆಗಾಲದ ಏರಿಕೆಯೇ ದೊಡ್ಡದಾದ್ದರಿಂದ ಏಪ್ರಿಲ್-ಮೇ ಒಳ್ಳೆಯ ಸಮಯ. ಜೂನಿನಲ್ಲಿ ಶಾಲೆ, ಅಂಗನವಾಡಿ ಎಲ್ಲಾ ತುಂಬಿ ಮಕ್ಕಳು ಒಬ್ಬರ ಮುಖಕ್ಕೆ ಒಬ್ಬರು ಕೆಮ್ಮಲು ಶುರುಮಾಡುವ ಹೊತ್ತಿಗೆ ರಕ್ಷಣೆ ಬಂದಿರುತ್ತದೆ. ಆ ತಿಂಗಳು ತಪ್ಪಿತು ಅಂತ ಕೈಬಿಡಬೇಕಾಗಿಯೂ ಇಲ್ಲ, ಆಮೇಲೂ ಹಾಕಿಸಬಹುದು.

ಎರಡು ಬಗೆಯ ಮಾತು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಕ್ಲಿನಿಕ್ ಅಂದುಕೊಳ್ಳಿ. ಆರು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯಿ ಕೂತಿದ್ದಾಳೆ. ಹೊರಗೆ ಬೆಂಚಿನ ತುಂಬ ಜನ. ಡಾಕ್ಟರ್ ಹೀಗೆ ಹೇಳುತ್ತಾರೆ:

"ಫ್ಲೂದ್ದೂ ಒಂದು ಸೂಜಿ ಐತ್ರಿ. ಹಾಕಸ್ತೀರೇನು? ಕಡ್ಡಾಯ ಏನಿಲ್ಲ, ನಿಮ್ಮ ಇಚ್ಛಾ ನೋಡ್ರಿ."

ತಾಯಿಯ ಉತ್ತರ ನಮಗೆಲ್ಲಾ ಗೊತ್ತಿರುವುದೇ. "ಮನ್ಯಾಗ ಕೇಳಿ ಹೇಳ್ತೀನ್ರಿ." ಮನೆಯಲ್ಲಿ ಏನು ಕೇಳುತ್ತಾಳೆ? ಡಾಕ್ಟರು ಕಡ್ಡಾಯ ಅಲ್ಲ ಅಂದರು, ರೊಕ್ಕ ಇಷ್ಟಂತೆ, ಏನು ಮಾಡೋಣ ಅಂತ. "ಬೇಕಾಗಿದ್ರ ಅವ್ರೇ ಹೇಳ್ತಿದ್ರಲ್ಲ" ಅಂತ ಅತ್ತೆ ಅನ್ನುತ್ತಾರೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ.

ಇನ್ನೊಬ್ಬ ಡಾಕ್ಟರ್ ಹೀಗೆ ಹೇಳುತ್ತಾರೆ:

"ಕೂಸಿಗೆ ಆರು ತಿಂಗಳ ತುಂಬ್ಯಾವು. ಇವತ್ತ ಫ್ಲೂ ಸೂಜಿ ಮಾಡೋಣು, ಇನ್ನೊಂದು ಬರೋ ತಿಂಗಳ. ಮಳಿ ಹಿಡಿಯೋದ್ರಾಗ ಎರಡೂ ಮುಗೀತಾವು."

ಲಸಿಕೆ ಅದೇ. ಬೆಲೆ ಅದೇ. ತಾಯಿ ಬೇಡ ಅನ್ನುವ ಅವಕಾಶವೂ ಹಾಗೇ ಇದೆ. ಆದರೂ ಪರಿಣಾಮ ಬೇರೆ.

ಇದನ್ನು ಅಮೆರಿಕದಲ್ಲಿ ಅಳತೆ ಮಾಡಿ ನೋಡಿದ್ದಾರೆ. ಸಿಯಾಟಲ್ ನಗರದಲ್ಲಿ ಡಾ. ಡಗ್ಲಸ್ ಓಪೆಲ್ ಮತ್ತವರ ತಂಡ 16 ಡಾಕ್ಟರ್-ನರ್ಸುಗಳು ಪೋಷಕರ ಜೊತೆ ಲಸಿಕೆ ಬಗ್ಗೆ ಆಡಿದ 111 ಮಾತುಕತೆಗಳನ್ನು ವಿಡಿಯೋ ಮಾಡಿ, ಒಂದೊಂದನ್ನೂ ಬಿಡಿಸಿ ನೋಡಿತು. ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2013ರಲ್ಲಿ ಅದು ಪ್ರಕಟವಾಯಿತು. ಡಾಕ್ಟರ್ "ಏನು ಮಾಡೋಣ ಅಂತೀರಿ?" ಅಂತ ಕೇಳಿ ಶುರುಮಾಡಿದಲ್ಲಿ ನೂರಕ್ಕೆ 83 ಪೋಷಕರು ಹಿಂದೇಟು ಹಾಕಿದರು. "ಇವತ್ತು ಈ ಸೂಜಿಗಳಿವೆ" ಅಂತ ನೇರ ಹೇಳಿದಲ್ಲಿ ಹಿಂದೇಟು ಹಾಕಿದವರು ನೂರಕ್ಕೆ 26. ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಅಂಕಿ. ಪೋಷಕರು ಮೊದಲು ಬೇಡ ಅಂದಾಗ ಡಾಕ್ಟರುಗಳಲ್ಲಿ ಅರ್ಧದಷ್ಟು ಜನ ಅಲ್ಲಿಗೇ ಬಿಟ್ಟರು. ಉಳಿದ ಅರ್ಧ ಬಿಡದೆ, ಯಾಕೆ ಬೇಕು ಅಂತ ಇನ್ನೊಮ್ಮೆ ಹೇಳಿದರು. ಹಾಗೆ ಹೇಳಿಸಿಕೊಂಡವರಲ್ಲಿ ನೂರಕ್ಕೆ 47 ಜನ ಒಪ್ಪಿಕೊಂಡರು. ಅಂದರೆ ಮೊದಲ ಸಲದ 'ಬೇಡ' ಅನೇಕರ ಕಡೆಯ ಮಾತಾಗಿರಲಿಲ್ಲ.

ಅದೇ ತಂಡದವರು ಆಮೇಲೆ ಫ್ಲೂ ಲಸಿಕೆಯನ್ನೇ ಇಟ್ಟುಕೊಂಡು ಇಂಥದೇ ಅಧ್ಯಯನ ಮಾಡಿದರು. ಅಲ್ಲಿಯೂ ನೇರವಾಗಿ ಹೇಳಿದಾಗ, ಬಿಡದೆ ಇನ್ನೊಮ್ಮೆ ಹೇಳಿದಾಗ ಒಪ್ಪಿದವರು ಜಾಸ್ತಿ. ಬೇರೆ ಲಸಿಕೆಗಳ ಜೊತೆಯಲ್ಲೇ ಫ್ಲೂ ಲಸಿಕೆಯನ್ನೂ ಕೊಡೋಣ ಅಂದಾಗಲೂ ಒಪ್ಪಿದವರು ಜಾಸ್ತಿ. ಈ ಕಡೆಯ ಮಾತನ್ನು ನೆನಪಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಸಿಯಾಟಲ್ ಮಾತುಕತೆಯ ಅಧ್ಯಯನಕ್ಕೆ ಒಂದು ಮಿತಿ ಇದೆ. ಅಲ್ಲಿ ಸುಮ್ಮನೆ ನೋಡಿ ಬರೆದುಕೊಂಡಿದ್ದಾರೆ, ಪ್ರಯೋಗ ಮಾಡಿಲ್ಲ. ಮೊದಲೇ ಅನುಮಾನ ಇದ್ದ ಪೋಷಕರ ಜೊತೆ ಡಾಕ್ಟರುಗಳು ಮೆತ್ತಗೆ ಮಾತಾಡಿರಬಹುದು. ಹಾಗಾದರೆ ಮಾತಿನ ರೀತಿಯಿಂದಲೇ ಹೀಗಾಯಿತು ಅನ್ನುವುದು ಕಷ್ಟ, ಅಲ್ವಾ? ಅದಕ್ಕೆ ಉತ್ತರ ಬೇರೆ ಲಸಿಕೆಯ ಕಡೆಯಿಂದ ಸಿಕ್ಕಿತು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗಾಗಿ ನೋಯಲ್ ಬ್ರೂವರ್ ತಂಡ ಕ್ಲಿನಿಕ್‌ಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿತು. ಒಂದು ಗುಂಪಿನ ಡಾಕ್ಟರುಗಳಿಗೆ ಚುಟುಕಾಗಿ ನೇರ ಹೇಳುವ ತರಬೇತಿ, ಒಂದಕ್ಕೆ ಪೋಷಕರ ಜೊತೆ ಮುಕ್ತವಾಗಿ ಚರ್ಚೆ ಮಾಡುವ ತರಬೇತಿ, ಒಂದಕ್ಕೆ ಏನೂ ಇಲ್ಲ. ನೇರ ಹೇಳಿದ ಗುಂಪಿನಲ್ಲಿ ಲಸಿಕೆ ಹಾಕಿಸಿದವರ ಪ್ರಮಾಣ ತರಬೇತಿ ಇಲ್ಲದವರಿಗಿಂತ ಶೇಕಡಾ ಐದರಷ್ಟು ಅಂಶ ಹೆಚ್ಚಾಯಿತು. ಚರ್ಚೆಯ ಗುಂಪಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಐದು ಅಂದರೆ ಸಣ್ಣದು ಅನಿಸಬಹುದು. ಆದರೆ ಇದು ಡಾಕ್ಟರುಗಳಿಗೆ ಕೊಟ್ಟ ಸಣ್ಣ ತರಬೇತಿಯಿಂದ ಬಂದದ್ದು. ಹೊಸ ಔಷಧಿ ಬೇಕಾಗಲಿಲ್ಲ, ಹೊಸ ಕಟ್ಟಡ ಬೇಕಾಗಲಿಲ್ಲ.

ಹೀಗೇಕೆ ಆಗುತ್ತದೆ? ಡಾಕ್ಟರ್ ಮಾತಿನ ಧಾಟಿಯೇ ಪೋಷಕರಿಗೆ ಒಂದು ಮಾಹಿತಿ. ಪೆಂಟಾವೇಲೆಂಟ್ ಬಗ್ಗೆ "ಹಾಕಸ್ತೀರೇನು?" ಅಂತ ಯಾರೂ ಕೇಳುವುದಿಲ್ಲ. ಫ್ಲೂ ಬಗ್ಗೆ ಮಾತ್ರ ಕೇಳಿದರೆ, ಇದು ಅಷ್ಟೇನೂ ಬೇಕಾದದ್ದಲ್ಲ ಅಂತ ತಾಯಿ ಅರ್ಥ ಮಾಡಿಕೊಳ್ಳುತ್ತಾಳೆ. ಅವಳ ಲೆಕ್ಕ ತಪ್ಪಲ್ಲ. ಅವಳಿಗೆ ಸಿಕ್ಕ ಸುಳಿವೇ ಅದು. ಡಾಕ್ಟರ್ ಬಾಯೇ ತೆರೆಯದಿದ್ದರಂತೂ ಅದೂ ಒಂದು ಉತ್ತರವೇ. ಸರ್ಕಾರಿ ಆಸ್ಪತ್ರೆಯಲ್ಲಿ "ನಮ್ಮಲ್ಲಿ ಇಲ್ರಿ" ಅಂದದ್ದನ್ನು ಮನೆಯಲ್ಲಿ "ಬೇಕಾಗಿಲ್ಲಂತ" ಅಂತ ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಸಿಯಾಟಲ್ ತಂಡದ ಮುಂದಿನ ಬರಹದಲ್ಲೇ ಇನ್ನೊಂದು ವಿಷಯ ಕಂಡಿತು. ನೇರವಾಗಿ ಹೇಳಿಸಿಕೊಂಡ ಪೋಷಕರು ಲಸಿಕೆಗೆ ಒಪ್ಪಿದ್ದೇನೋ ಹೆಚ್ಚು, ಆದರೆ ಆ ಭೇಟಿಯ ಬಗ್ಗೆ ಅವರ ಸಮಾಧಾನ ಕಡಿಮೆ. ನೇರ ಹೇಳುವುದು ಅಂದರೆ ಬಾಯಿ ಮುಚ್ಚಿಸುವುದು ಅಂತ ಆಗಬಾರದು. ಮೊದಲು ಸ್ಪಷ್ಟವಾಗಿ ಹೇಳಿ, ಆಮೇಲೆ ತಾಯಿ ಏನು ಕೇಳುತ್ತಾಳೋ ಅದಕ್ಕೆ ಕಿವಿಕೊಡುವುದು, ನನ್ನ ಪ್ರಕಾರ ಇದೇ ಸರಿಯಾದ ಕ್ರಮ. ನಮ್ಮ ಕಡೆ ಡಾಕ್ಟರ್ ಎದುರು ಮಾತಾಡಲು ಹೆದರುವವರು ಬಹಳ. ಅವರ 'ಹೂಂ' ಅನ್ನುವುದು ಒಪ್ಪಿಗೆ ಅಂತ ತಿಳಿದರೆ ಎರಡನೇ ಡೋಸಿಗೆ ಅವರು ಬರುವುದಿಲ್ಲ.

ನಮ್ಮೂರಿನಲ್ಲಿ ಮಾತು ಎಲ್ಲಿ ತಪ್ಪುತ್ತದೆ

ತಾಯಿ ಕಾರ್ಡಿನಲ್ಲಿ ಹದಿನಾಲ್ಕು ವಾರದ ನಂತರ ಸೀದಾ ಒಂಬತ್ತು ತಿಂಗಳು ಅಂದೆನಲ್ಲ. ಫ್ಲೂ ಲಸಿಕೆ ಶುರುವಾಗಬೇಕಾದ ಆರನೇ ತಿಂಗಳು ಬರುವುದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಬೇರೆ ಲಸಿಕೆಯ ಜೊತೆ ಕೊಟ್ಟರೆ ಜನ ಒಪ್ಪುತ್ತಾರೆ ಅಂತ ಅಧ್ಯಯನ ಹೇಳುತ್ತದೆ. ಇಲ್ಲಿ ನೋಡಿದರೆ ಜೊತೆಗೆ ಕೊಡಲು ಸರ್ಕಾರದ ಲಸಿಕೆಯೇ ಇಲ್ಲ. ಆರೋಗ್ಯವಾಗಿ ಆಡಿಕೊಂಡಿರುವ ಕೂಸನ್ನು ಎತ್ತಿಕೊಂಡು ಯಾರು ಸುಮ್ನೆ ಆಸ್ಪತ್ರೆಗೆ ಹೋಗುತ್ತಾರೆ?

ಅದರ ಜೊತೆಗೆ ನಮ್ಮ ಬಾಣಂತನದ ಪದ್ಧತಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳು ಗದಗಿನಲ್ಲೋ ರಾಣೆಬೆನ್ನೂರಿನಲ್ಲೋ ಹಡೆಯುತ್ತಾಳೆ, ಮೊದಲ ಸೂಜಿಗಳೆಲ್ಲಾ ಅಲ್ಲೇ ಆಗುತ್ತವೆ. ಮೂರನೇ ತಿಂಗಳೋ ಐದನೇ ತಿಂಗಳೋ ತೊಟ್ಟಿಲು, ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಯ ಗಂಡನ ಮನೆಗೆ ಬರುತ್ತಾಳೆ. ಕಾರ್ಡ್ ಜೊತೆಗೇ ಬರುತ್ತದೆ. ಆದರೆ ಆ ಕೂಸನ್ನು ಹುಟ್ಟಿದಾಗಿನಿಂದ ನೋಡಿದ ಡಾಕ್ಟರು, ಹೆಸರು ಹಿಡಿದು ಕರೆಯುತ್ತಿದ್ದ ನರ್ಸಮ್ಮ ಅಲ್ಲೇ ಉಳಿದರು. ಹೊಸ ಊರಿನಲ್ಲಿ ಹೊಸ ಡಾಕ್ಟರನ್ನು ಮೊದಲ ಸಲ ಕಾಣುವುದು ಮಗುವಿಗೆ ಜ್ವರ ಬಂದಾಗಲೇ. ಜ್ವರ ಜೋರಾಗಿರುವಾಗ ಲಸಿಕೆ ಮಾತು ಯಾರಿಗೆ ನೆನಪಾಗುತ್ತದೆ? ಹೀಗೆ ಆರನೇ ತಿಂಗಳು ಯಾರ ಲೆಕ್ಕಕ್ಕೂ ಸಿಗದೆ ಜಾರಿಹೋಗುತ್ತದೆ.

ರೊಕ್ಕದ ವಿಷಯ ಇನ್ನೂ ಸೂಕ್ಷ್ಮ. ಒಂದು ಡೋಸಿಗೆ ಸಾವಿರ ರೂಪಾಯಿ ಮೀರುತ್ತದೆ, ಮೊದಲ ವರ್ಷ ಎರಡು ಡೋಸ್. ದಿನಗೂಲಿಯಲ್ಲಿ ಬದುಕುವ ಮನೆಗೆ ಇದು ಸಣ್ಣ ಮಾತಲ್ಲ. ಇದನ್ನು ಸರ್ಕಾರ ಉಚಿತವಾಗಿ ಕೊಡಬೇಕು, ಕೊನೆಗೆ ದಮ್ಮು, ಹೃದಯದ ತೊಂದರೆ ಇರುವ ಮಕ್ಕಳಿಗಾದರೂ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಆಗುವ ತನಕ ಡಾಕ್ಟರುಗಳು ಏನು ಮಾಡಬೇಕು? ಕೆಲವರು ಬಂದವರ ಸೀರೆ, ಚಪ್ಪಲಿ ನೋಡಿ "ಇವರಿಗೆ ಆಗಲ್ಲ" ಅಂತ ತಾವೇ ತೀರ್ಮಾನಿಸಿ ಹೇಳುವುದನ್ನೇ ಬಿಡುತ್ತಾರೆ. ಕರುಣೆಯಿಂದಲೇ ಬಿಡುತ್ತಾರೆ. ಆದರೆ ಮಗಳ ಕಿವಿ ಚುಚ್ಚಿಸಲು, ಜಾವಳಕ್ಕೆ ಸಾಲ ಮಾಡುವ ಮನೆ, ಗೊತ್ತಿದ್ದರೆ ಇದಕ್ಕೂ ಹೇಗೋ ಹೊಂದಿಸುತ್ತಿತ್ತೇನೋ. ಆಗುತ್ತದೋ ಇಲ್ಲವೋ ಅನ್ನುವುದನ್ನು ಆ ಅಪ್ಪ-ಅಮ್ಮ ಹೇಳಲಿ. ಡಾಕ್ಟರ್ ಮಾಡಬೇಕಾದದ್ದು ವಿಷಯ ಹೇಳುವುದು, ಬೆಲೆಯನ್ನೂ ಮೊದಲೇ ಹೇಳುವುದು. ಬೆಲೆ ಕಡೆಗೆ ಗೊತ್ತಾದಾಗಲೇ "ರೊಕ್ಕಕ್ಕಾಗಿ ಹೇಳ್ತಾರ" ಅನ್ನುವ ಅನುಮಾನ ಹುಟ್ಟುವುದು.

ಆ ಅನುಮಾನವನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಬೇಡದ ಟೆಸ್ಟು, ಬೇಡದ ಸಲೈನು ಕಂಡು ಬೇಸತ್ತ ಜನ ನಾವು. ಅಂಥಲ್ಲಿ "ನನ್ನ ಮಕ್ಕಳಿಗೂ ಹಾಕಿಸೀನಿ, ನಾನೂ ವರ್ಷಾ ಹಾಕಿಸ್ಕೋತೀನಿ" ಅನ್ನುವ ಮಾತು ಬಹಳ ಕೆಲಸ ಮಾಡುತ್ತದೆ. ತಾವೇ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಡಾಕ್ಟರುಗಳು, ನರ್ಸುಗಳು ಬೇರೆಯವರಿಗೂ ಹೆಚ್ಚಾಗಿ ಹೇಳುತ್ತಾರೆ ಅನ್ನುವುದು ಹಲವು ದೇಶಗಳಲ್ಲಿ ಕಂಡುಬಂದಿದೆ.

ಇನ್ನು ಯಾವ ಮಕ್ಕಳಿಗೆ ಇದು ಅತಿ ಹೆಚ್ಚು ಬೇಕೋ ಅವರ ಕತೆ. ಹೃದಯದಲ್ಲಿ ರಂಧ್ರ ಇರುವ ಮಗು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಆರು ತಿಂಗಳಿಗೊಮ್ಮೆ ಬರುತ್ತದೆ. ಅಲ್ಲಿನ ತಜ್ಞರು ಎಕೋ ನೋಡಿ ಔಷಧಿ ಬರೆಯುತ್ತಾರೆ, ಲಸಿಕೆ ಊರಿನ ಮಕ್ಕಳ ಡಾಕ್ಟರ್ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮುಂಡರಗಿಯಲ್ಲೋ ಹಿರೇಕೆರೂರಿನಲ್ಲೋ ಇರುವ ಊರಿನ ಡಾಕ್ಟರ್, ದೊಡ್ಡ ಡಾಕ್ಟರುಗಳು ನೋಡುತ್ತಿದ್ದಾರೆ, ನಾನ್ಯಾಕೆ ಕೈ ಹಾಕಲಿ ಅಂದುಕೊಳ್ಳುತ್ತಾರೆ. ಇಬ್ಬರೂ ಒಳ್ಳೆಯವರೇ. ನಡುವೆ ಮಗು ಹಾಗೇ ಉಳಿಯುತ್ತದೆ. ತಜ್ಞರು ಚೀಟಿಯ ಕೆಳಗೆ 'ಫ್ಲೂ ಲಸಿಕೆ ಹಾಕಿಸಿ' ಅಂತ ಒಂದು ಸಾಲು ಬರೆದರೆ ಸಾಕು, ಊರಿನ ಡಾಕ್ಟರಿಗೆ ಧೈರ್ಯ ಬರುತ್ತದೆ.

ಉತ್ಪ್ರೇಕ್ಷೆ ಮಾಡಿದರೆ ಮರುವರ್ಷ ಬರುವುದಿಲ್ಲ

ಡಾಕ್ಟರ್ ಮಾತಿಗೆ ಇಷ್ಟು ಬಲ ಇದ್ದರೆ, ಆ ಮಾತು ನಿಜವಾಗಿಯೂ ಇರಬೇಕು. "ಇದನ್ನ ಹಾಕಿಸಿದ್ರ ನೆಗಡಿ-ಕೆಮ್ಮು ಬರಂಗಿಲ್ಲ" ಅಂತ ಹೇಳಿ ಕಳಿಸಿದರೆ ಏನಾಗುತ್ತದೆ? ಮುಂದಿನ ತಿಂಗಳೇ ಮಗುವಿನ ಮೂಗು ಸೋರುತ್ತದೆ, ಏಕೆಂದರೆ ನೆಗಡಿಯ ಉಳಿದ ವೈರಸ್‌ಗಳಿಗೂ ಈ ಲಸಿಕೆಗೂ ಸಂಬಂಧ ಇಲ್ಲ. ತಾಯಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಓಣಿಯಲ್ಲಿ ನಾಲ್ಕು ಜನರಿಗೆ ಹೇಳುತ್ತಾಳೆ.

ನಿಜ ಏನೆಂದರೆ, ತಳಿಗಳ ಅಂದಾಜು ಸರಿಹೋದ ವರ್ಷ ಈ ಲಸಿಕೆ ಡಾಕ್ಟರ್ ಹತ್ತಿರ ಹೋಗುವಂಥ ಫ್ಲೂ ಬರುವ ಸಾಧ್ಯತೆಯನ್ನು ಶೇಕಡಾ 40ರಿಂದ 60ರಷ್ಟು ತಗ್ಗಿಸುತ್ತದೆ. ಪೂರ್ತಿ ತಡೆಯುವುದಿಲ್ಲ. ಆದರೆ ಬಂದರೂ ಜೀವಕ್ಕೆ ಎರವಾಗದ ಹಾಗೆ ಕಾಯುವುದರಲ್ಲಿ ಅದರ ಕೆಲಸ ಇನ್ನೂ ದೊಡ್ಡದು. ಅಮೆರಿಕದಲ್ಲಿ 2010ರಿಂದ 2014ರವರೆಗಿನ ಮಕ್ಕಳ ಸಾವಿನ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕಾಯಿಲೆ ಇಲ್ಲದ ಮಕ್ಕಳಲ್ಲಿ ಲಸಿಕೆ ಫ್ಲೂ ಸಾವಿನ ಅಪಾಯವನ್ನು ಶೇಕಡಾ 65ರಷ್ಟು, ಮೊದಲೇ ಕಾಯಿಲೆ ಇದ್ದ ಮಕ್ಕಳಲ್ಲಿ ಶೇಕಡಾ 51ರಷ್ಟು ತಗ್ಗಿಸಿತ್ತು. ಇಷ್ಟನ್ನು ಇದ್ದ ಹಾಗೇ ಹೇಳಿದರೆ ಯಾವ ತಾಯಿಗೂ ಅರ್ಥ ಆಗುತ್ತದೆ. "ಬರೇ ನೆಗಡಿಗೆ ಇಷ್ಟ ರೊಕ್ಕ ಯಾಕ್ರಿ?" ಅಂದವಳಿಗೆ "ನೆಗಡಿಗಲ್ರವ್ವಾ, ನ್ಯುಮೋನಿಯಾ ಆಗಿ ಐಸಿಯು ಮೆಟ್ಟಲಾ ಹತ್ತಬಾರದಂತ" ಅನ್ನುವ ಒಂದು ಉತ್ತರ ಸಾಕು.

ಇನ್ನುಳಿದ ಅನುಮಾನಗಳಿಗೆ ಉತ್ತರ ಬೇಗ ಮುಗಿಯುತ್ತದೆ. ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಹಾಗಾಗಿ ಅದರಿಂದ ಫ್ಲೂ ಬರುವುದಿಲ್ಲ. ಚುಚ್ಚಿದ ಜಾಗ ನೋಯುತ್ತದೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು, ಜ್ವರ ಜೋರಿದ್ದರೆ ಇಳಿದ ಮೇಲೆ. ಮೊಟ್ಟೆ ಒಗ್ಗದ ಮಕ್ಕಳಿಗೆ ಕೊಡಬಾರದು ಅಂತ ಹಿಂದೆ ಹೇಳುತ್ತಿದ್ದರು. ಈಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ಅಡ್ಡಿಯನ್ನು ತೆಗೆದಿದೆ. ಆದರೂ ಡಾಕ್ಟರಿಗೆ ತಿಳಿಸಿ, ಮೊದಲಿನ ಫ್ಲೂ ಲಸಿಕೆಗೇ ಮೈ ಊದಿಕೊಂಡಿದ್ದರಂತೂ ಹೇಳದೇ ಇರಬೇಡಿ. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ. ಅದನ್ನು ಕಾಯುವ ದಾರಿ ಎಂದರೆ ತಾಯಿ ಬಸುರಿ ಇದ್ದಾಗಲೇ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು. ಅವಳ ರಕ್ಷಣೆ ಕೂಸಿಗೂ ಹರಿಯುತ್ತದೆ. ಇದನ್ನು ಹೇಳಬೇಕಾದವರು ಹೆರಿಗೆ ಡಾಕ್ಟರುಗಳು. ಅವರ ಬಾಯಲ್ಲಿ ಈ ಮಾತು ಇನ್ನೂ ಕಡಿಮೆ ಅನ್ನುವುದು ನನ್ನ ಬೇಸರ.

ನರ್ಸು, ಆಶಾ, ಅಂಗನವಾಡಿ ಟೀಚರ್ ಇವರ ಮಾತಿಗೂ ಹಳ್ಳಿಯಲ್ಲಿ ಡಾಕ್ಟರ್ ಮಾತಿನಷ್ಟೇ ಬೆಲೆ ಇದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಅವರ ಪಟ್ಟಿಯಲ್ಲಿ ಈ ಲಸಿಕೆ ಇಲ್ಲದಿದ್ದರೂ "ಒಮ್ಮೆ ಮಕ್ಕಳ ಡಾಕ್ಟರ್‌ನ ಕೇಳ್ರಿ" ಅಂತ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಪೋಷಕರೂ ಕಾಯುತ್ತಾ ಕೂರಬೇಕಾಗಿಲ್ಲ. ಡಾಕ್ಟರ್ ಹೇಳಲು ಮರೆತರೆ ನೀವೇ ಕೇಳಿ: "ಫ್ಲೂ ಸೂಜಿ ಯಾವಾಗ ಮಾಡಸಬೇಕ್ರಿ? ಒಟ್ಟು ಎಷ್ಟ ಬೀಳತೈತಿ? ನಿಮ್ಮ ಹತ್ರ ಈ ವರ್ಷದ್ದು ಬಂದೈತೇನು?" ಕಡೆಯ ಪ್ರಶ್ನೆ ಮುಖ್ಯ, ಪ್ರತಿ ವರ್ಷದ ಲಸಿಕೆ ಬೇರೆ ಇರುತ್ತದಲ್ಲ. ಮೆಡಿಕಲ್ ಶಾಪಿನಿಂದ ನೀವೇ ಕೊಂಡು ತರುವುದಾದರೆ ದಾರಿಯುದ್ದಕ್ಕೂ ಅದು ತಂಪಾಗಿರಬೇಕು, ಎರಡರಿಂದ ಎಂಟು ಡಿಗ್ರಿ. ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದರೆ ಕೊಟ್ಟ ರೊಕ್ಕ ನೀರಿಗೆ ಹಾಕಿದ ಹಾಗೆ. ಅದಕ್ಕೇ ಕ್ಲಿನಿಕ್‌ನ ಫ್ರಿಜ್‌ನಿಂದ ತೆಗೆದು ಅಲ್ಲೇ ಹಾಕಿಸುವುದು ಒಳ್ಳೆಯದು.

ಡಾಕ್ಟರುಗಳಿಗೆ ನನ್ನ ಬೇಡಿಕೆ ಒಂದೇ. ಹದಿನಾಲ್ಕನೇ ವಾರದ ಸೂಜಿ ಮಾಡಿದ ದಿನವೇ ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆಯಿರಿ: ಆರು ತಿಂಗಳಿಗೆ ಫ್ಲೂ, ಏಳು ತಿಂಗಳಿಗೆ ಇನ್ನೊಂದು. ಎರಡೂ ತಾರೀಖು ಹಾಕಿ. ಕೂಸು ಗದಗಿನಿಂದ ಹುಬ್ಬಳ್ಳಿಗೆ ಹೋದರೂ ಆ ಅಕ್ಷರ ಜೊತೆಗೆ ಹೋಗುತ್ತದೆ, ಅಲ್ಲಿನ ಡಾಕ್ಟರ್ ಕಣ್ಣಿಗೂ ಬೀಳುತ್ತದೆ.